ಕೋಲ್ಡ್ ಕಾಫಿಯಲ್ಲಿ ಬಂದ ಬೆಣ್ಣೆ

ಲಾಜಪತ್ ನಗರ, ದೆಹಲಿ
ಮಂಗಳವಾರ, 16 ಮೇ 1989

ಮಗಳೇ ನೀಲಮ್,

ನಿನ್ನ ಬೀಜೀಯ ಆಶೀರ್ವಾದ. ನಿನ್ನ ಎರಡು ಪತ್ರಗಳೂ ಬಂದಿವೆ. ಮೊದಲನೆಯದಕ್ಕೆ ಉತ್ತರ ಬರೆಯೋಣ ಎನ್ನುವಷ್ಟರಲ್ಲಿ ಎರಡನೆಯದು ಬಂತು. ಅದು ಬಂದೂ ಆರು ದಿನವಾಯಿತು. ಅತ್ತೆ ನನ್ನನ್ನು ಮರೆತೇಬಿಟ್ಟಳು ಎಂದುಕೊಂಡಿದ್ದರೆ ತಪ್ಪಿಲ್ಲ. ಭಾನುವಾರದಿಂದ ಬಲಗೈ ಭುಜದವರೆಗೂ ನೋಯುತ್ತಿದೆ ಎಂದು ನೆವ ಹೇಳಬಹುದು, ನೋವೂ ನಿಜವೇ. ಆದರೆ ಅದಕ್ಕೂ ಮುಂಚೆ ಕೈ ಚೆನ್ನಾಗಿಯೇ ಇತ್ತಲ್ಲ. ಬರೆಯಲು ಕೂರುವುದು, ಎದ್ದುಹೋಗಿ ಬೇಳೆ ಆರಿಸುವುದು, ಹೀಗೇ ಆಯಿತು.

ನಿಮ್ಮ ಅಪ್ಪನ ಕಣ್ಣಿನ ಪಟ್ಟಿ ಬಿಚ್ಚಿದ ಸಮಾಚಾರ ಓದಿ ಸಮಾಧಾನವಾಯಿತು. ಅವರನ್ನು ಬಿಸಿಲಿಗೆ ಬಿಡಬೇಡ. ಮಾತು ಕೇಳುವ ಜನವಲ್ಲ, ಚಪ್ಪಲಿ ಬಚ್ಚಿಡು. ಇಲ್ಲಿಯ ಸೆಕೆಯನ್ನು ಏನೆಂದು ಬರೆಯಲಿ? ಕೂಲರಿಗೆ ದಿನಕ್ಕೆ ನಾಲ್ಕು ಬಕೆಟ್ ನೀರು ಹೊತ್ತು ಹಾಕುತ್ತೇನೆ. ಅದು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತದೆ.

ಎರಡನೇ ಪತ್ರದ ಕೊನೆಯಲ್ಲಿ ನೀನು ಕೇಳಿದ್ದೀಯ: ಅವರಿಗೆ ಈಗ ಕೋಲ್ಡ್ ಕಾಫಿ ಯಾರು ಮಾಡಿಕೊಡುತ್ತಾರೆ, ನಾನು ಇಟ್ಟುಬಂದ ಹಾಲಿನ ಐಸ್ ಮುಗಿಯಿತೇ, ನಾನು ಯಾವಾಗ ಬರಲಿ ಎಂದು. ಮೂರಕ್ಕೂ ಉತ್ತರ ಬರೆಯುತ್ತೇನೆ. ಒಬ್ಬಳೇ ಕೂತು ಓದು, ಯಾರಿಗೂ ಓದಿ ಹೇಳಬೇಡ. ಅದಕ್ಕೂ ಮುಂಚೆ ಒಂದು ಮಾತು. ಬರುವ ಭಾನುವಾರ ಬೆಳಗಿನ ರೈಲಿಗೆ ನನ್ನ ಮಗ ಬಿಟ್ಟೂ ಅಂಬಾಲಾಕ್ಕೆ, ನಿಮ್ಮಪ್ಪನ ಮನೆಗೆ ಬರುತ್ತಾನೆ. ಅವನ ಕೈಯಲ್ಲಿ ವಕೀಲರು ಬರೆದುಕೊಟ್ಟ ವಿಚ್ಛೇದನದ ಕಾಗದ ಇರುತ್ತದೆ. ಈ ಪತ್ರವನ್ನು ಕಡೆಯ ಸಾಲಿನವರೆಗೂ ಓದದೆ ಅದಕ್ಕೆ ಸಹಿ ಹಾಕಬೇಡ. ನಿನ್ನ ಎದೆ ಒಡೆಯುವ ಮಾತನ್ನು ಹೀಗೆ ಥಟ್ಟನೆ ಬರೆದಿದ್ದೇನೆ ಎಂದು ಗೊತ್ತು. ನಯವಾಗಿ ಹೇಳುವಷ್ಟು ದಿನ ಉಳಿದಿಲ್ಲ.

ಹೋದ ಶುಕ್ರವಾರ ಆಫೀಸಿನಿಂದ ಬಂದ ಬಿಟ್ಟೂ ಶೂ ಬಿಚ್ಚುತ್ತಾ ಹೇಳಿದ, "ಬೀಜೀ, ಭಾನುವಾರ ಮಧ್ಯಾಹ್ನ ಲಾಜೋ ಬುವಾ ಬರ್ತಾರೆ. ಜೊತೇಲಿ ಕರೋಲ್ ಬಾಗಿನ ಒಬ್ರು ಆಂಟಿ. ಕೋಲ್ಡ್ ಕಾಫಿ ಮಾಡಿ. ನೀಲಮ್ ಮಾಡ್ತಾಳಲ್ಲ, ಹಾಗೇ ದಪ್ಪಗಿರ್ಬೇಕು."

"ಯಾರಪ್ಪ ಆ ಆಂಟಿ?"

"ಬುವಾಗೆ ಗೊತ್ತಿರೋರು."

ಹೆಂಡತಿಯ ಕೈರುಚಿ ಬೇಕು, ಹೆಂಡತಿಯ ಹೆಸರು ಹೇಳುವಾಗ ಮಾತ್ರ ತಲೆ ಬಗ್ಗಿಸಿ ಶೂ ಲೇಸಿನ ಜೊತೆ ಗುದ್ದಾಟ. ನನಗೆ ಆಗಲೇ ವಾಸನೆ ಬಡಿಯಿತು. ಆದರೂ ಕೇಳಲಿಲ್ಲ. ಕೇಳದೆ ಇರುವುದು ನನಗೆ ಅಭ್ಯಾಸವಾಗಿಹೋಗಿದೆ.

ಭಾನುವಾರ ಲಾಜೋ ಒಂದು ಗಂಟೆ ಮುಂಚೆಯೇ ಬಂದಳು. ನಿನ್ನ ಮಾವ ತೀರಿಕೊಂಡ ದಿನದಿಂದ ಅಣ್ಣನ ಮನೆಯ ಯಜಮಾನಿಕೆ ತನಗೇ ಬಂತು ಎಂದುಕೊಂಡಿದ್ದಾಳಲ್ಲ. ಬಂದವಳು ನೀರನ್ನೂ ಕುಡಿಯಲಿಲ್ಲ. ಬಾಗಿಲ ಬಳಿ ಇದ್ದ ನಿನ್ನ ನೀಲಿ ಚಪ್ಪಲಿಯನ್ನು ಕಾಲಿನಲ್ಲೇ ಮಂಚದ ಕೆಳಗೆ ತಳ್ಳಿದಳು. ಹಗ್ಗದ ಮೇಲಿದ್ದ ನಿನ್ನ ದುಪಟ್ಟಾವನ್ನು ಎಳೆದು ಬೀರುವಿಗೆ ತುರುಕಿದಳು. ಆಮೇಲೆ ಗೋಡೆಯ ಕಡೆ ಕೈ ತೋರಿಸಿದಳು.

"ಭಾಬಿ, ಆ ಮದುವೆ ಫೋಟೋ ತೆಗೀರಿ."

"ಯಾಕೆ, ಧೂಳು ಕೂತಿದ್ಯಾ?"

"ಎಲ್ಲಾ ಬಿಡಿಸಿ ಹೇಳ್ಬೇಕಾ ನಿಮಗೆ? ಬರ್ತಿರೋದು ಮಿಸೆಸ್ ಖೋಸ್ಲಾ. ಅವರ ಮಗಳು ಬ್ಯಾಂಕಲ್ಲಿದಾಳೆ. ಇಪ್ಪತ್ತೊಂಬತ್ತಾಯ್ತು, ಇನ್ನೂ ಮದುವೆ ಆಗಿಲ್ಲ. ನಮ್ಮ ಬಿಟ್ಟೂನ ಅವರು ಒಪ್ಪೋ ಹಾಗಿದಾರೆ."

"ಈ ಮನೇಲಿ ಸೊಸೆ ಇದಾಳೆ ಲಾಜೋ."

"ಏಳು ವರ್ಷದಿಂದ ಇದಾಳೆ. ಒಂದು ಮಗು ಕೊಟ್ಟಳಾ? ನನ್ನ ಮೇಲೆ ಕಣ್ಣು ಬಿಡಬೇಡಿ ಭಾಬಿ. ನನ್ನ ಮನೇಲಿ ಕೂತು 'ಈ ಹುಡುಗಿಯಿಂದ ನಮ್ಮ ವಂಶ ಮುಗೀತು' ಅಂತ ಅತ್ತಿದ್ದು ಯಾರು? ನಾನಾ?"

ಅತ್ತಿದ್ದು ನಾನೇ, ಆ ಮಾತು ಆಡಿದ್ದೂ ನಾನೇ. ನಾನು ಕೈ ಕಟ್ಟಿಕೊಂಡು ನಿಂತಿದ್ದಾಗ ಅವಳೇ ಸ್ಟೂಲ್ ಹತ್ತಿ ಫೋಟೋ ಇಳಿಸಿ ಹಾಸಿಗೆಯ ಕೆಳಗಿಟ್ಟಳು. ಗೋಡೆಯ ಮೇಲೆ ಬಿಳಿ ಚೌಕ ಎದ್ದು ಕಾಣಿಸಿತು. ಅದರ ಮೇಲೆ ಹಾಲಿನ ಬೂತಿನವರು ಕೊಟ್ಟ ಕ್ಯಾಲೆಂಡರು ತೂಗುಹಾಕಿದಳು. ನಾನು ಅಡಿಗೆಮನೆ ಸೇರಿದೆ.

ನೀನು ಕೋಲ್ಡ್ ಕಾಫಿ ಮಾಡುವುದನ್ನು ಏಳು ಬೇಸಿಗೆ ನೋಡಿದ್ದೇನೆ, ಒಂದು ದಿನವೂ ಹೇಗೆ ಎಂದು ಕೇಳಿಲ್ಲ. ಸೊಸೆಯನ್ನು ಕೇಳಿ ಕಲಿಯುವುದಕ್ಕೆ ಅತ್ತೆಯ ಜಂಭ ಅಡ್ಡ ಬರುತ್ತಿತ್ತು. ನೆನಪಿದ್ದಷ್ಟು ಮಾಡಿದೆ. ಸ್ಟೀಲ್ ಲೋಟಕ್ಕೆ ನಾಲ್ಕು ಚಮಚ ಕಾಫಿಪುಡಿ, ಅದರ ಎರಡರಷ್ಟು ಸಕ್ಕರೆ, ಒಂದೇ ಚಮಚ ಬೆಚ್ಚಗಿನ ನೀರು. ಹಾಕಿಕೊಂಡು ಚಮಚದಿಂದ ಬಡಿಯುತ್ತಾ ಕೂತೆ. ಕಪ್ಪಗಿದ್ದದ್ದು ಕಂದಾಗಿ, ಕಂದು ತಿಳಿಯಾಗಿ, ಬಿಸ್ಕತ್ತಿನ ಬಣ್ಣಕ್ಕೆ ಬಂದು ಉಬ್ಬಿಕೊಂಡಿತು. ಲೋಟ ಬಗ್ಗಿಸಿದರೂ ಬೀಳಲಿಲ್ಲ. ನೀನಿದ್ದಿದ್ದರೆ "ಬೀಜೀ, ಪಾಸಾದ್ರಿ" ಎನ್ನುತ್ತಿದ್ದೆ.

ಹಾಲನ್ನು ಬೆಳಿಗ್ಗೆಯೇ ಕಾಯಿಸಿ, ಕಾಲು ಭಾಗ ಇಂಗಿಸಿ ಫ್ರಿಜ್ಜಿನಲ್ಲಿಟ್ಟಿದ್ದೆ. ಗ್ಲಾಸುಗಳನ್ನೂ ಇಟ್ಟಿದ್ದೆ. ಆಮೇಲೆ ನಿನ್ನ ಟ್ರೇ. ಹೋಗುವ ದಿನ ಆಟೋ ಬಂದು ನಿಂತಿದ್ದರೂ ಓಡಿಬಂದು ಹೇಳಿದ್ದೆಯಲ್ಲ, "ಬೀಜೀ, ಎರಡು ಟ್ರೇ ಹಾಲು ಐಸಿಗೆ ಇಟ್ಟಿದೀನಿ. ನೀರಿನ ಐಸ್ ಹಾಕ್ಬೇಡಿ, ತೆಳ್ಳಗಾಗತ್ತೆ, ಅವರು ಕುಡಿಯಲ್ಲ" ಎಂದು. ಒಂದು ಟ್ರೇ ಬಿಟ್ಟೂ ಮೊದಲ ವಾರದಲ್ಲೇ ಮುಗಿಸಿದ್ದ. ಉಳಿದ ಟ್ರೇಯ ಬೆನ್ನಿಗೆ ನಲ್ಲಿಯ ನೀರು ಬಿಟ್ಟು ಕುಟ್ಟಿದೆ. ಹಾಲಿನ ಬಿಲ್ಲೆಗಳು ಒಂದೊಂದಾಗಿ ಮಿಕ್ಸಿಯ ಜಾರಿಗೆ ಬಿದ್ದವು. ನಿನ್ನ ಜಾಗಕ್ಕೆ ಇನ್ನೊಬ್ಬಳನ್ನು ತರುವವರ ಉಪಚಾರಕ್ಕೆ ನೀನೇ ಇಟ್ಟುಹೋದ ಹಾಲು. ನನಗೆ ನಾಚಿಕೆಯಾಯಿತು, ಆದರೂ ಕೈ ತನ್ನ ಕೆಲಸ ಮಾಡಿತು. ಕಡೆಗೆ ಕೆನೆ. ನೀನು ಎರಡು ಚಮಚ ಹಾಕುತ್ತೀಯ. ನಾನು ತುಪ್ಪಕ್ಕೆಂದು ವಾರದಿಂದ ಕೂಡಿಟ್ಟ ಕೆನೆಯಲ್ಲಿ ಎರಡು ಸೌಟು ಸುರಿದೆ. ಬಂದವರ ಮುಂದೆ ಕೈ ಬಿಗಿ ಹಿಡಿಯುವುದು ಈ ಮನೆಯಲ್ಲಿ ನಡೆದಿಲ್ಲವಲ್ಲ, ಎಂಥ ಕೆಲಸಕ್ಕೆ ಬಂದವರೇ ಆಗಲಿ.

ಅಷ್ಟರಲ್ಲಿ ಮಿಸೆಸ್ ಖೋಸ್ಲಾ ಬಂದು ಹೊರಗಿನ ಕೋಣೆಯಲ್ಲಿ ಕೂತಿದ್ದರು. ಕೂಲರ್ ಗರಗರ ಎನ್ನುತ್ತಿತ್ತು. ನಾನು ಮಿಕ್ಸಿ ಹಾಕಿದೆ. ಐಸ್ ಬಿದ್ದ ಮಿಕ್ಸಿಯ ಸದ್ದು ನಿನಗೆ ಗೊತ್ತು, ಮನೆಯವರೆಲ್ಲ ಕಿರುಚಿಕೊಂಡೇ ಮಾತಾಡಬೇಕು. ಪರದೆಯ ಆಚೆ ಅವರೂ ಕಿರುಚುತ್ತಿದ್ದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ತಿಳಿಯದಿರಲಿ ಎಂದೇ ಮುಚ್ಚಳ ಒತ್ತಿ ಹಿಡಿದು ನಿಂತಿದ್ದೆ.

ಆಗ ಕರೆಂಟು ಹೋಯಿತು. ಮಿಕ್ಸಿ ನಿಂತಿತು, ಕೂಲರ್ ನಿಂತಿತು, ಫ್ಯಾನ್ ನಿಂತಿತು. ಬಿಟ್ಟೂನ ದನಿ ಮಾತ್ರ ನಿಲ್ಲಲಿಲ್ಲ. ಅಷ್ಟು ಸದ್ದಿಗೆ ಏರಿಸಿದ್ದ ದನಿ ಹಾಗೇ ಬಂತು:

"ಸಹಿ ಹಾಕ್ತಾಳೆ ಆಂಟೀ! ತಪ್ಪು ತನ್ನಲ್ಲೇ ಇದೆ ಅಂತ ಅವಳಿಗೇ ಗೊತ್ತು! ನಾನು ಕೇಳಿದ್ರೆ ಅವಳು ಇಲ್ಲ ಅನ್ನಲ್ಲ!"

ಎದುರು ಮನೆಯವರಿಗೂ ಕೇಳಿಸಿರಬೇಕು. ಆಮೇಲೆ ಲಾಜೋ ಕೆಮ್ಮಿ, "ಈ ಕರೆಂಟಿನವರಿಗೆ ಭಾನುವಾರ, ಹಬ್ಬ ಯಾವುದೂ ಇಲ್ಲ" ಎಂದಳು.

ಜಾರಿನಲ್ಲಿ ಐಸ್ ಅರ್ಧ ಒಡೆದಿತ್ತು, ಅರ್ಧ ಹಾಗೇ ಇತ್ತು. ಎಲ್ಲವನ್ನೂ ಮಜ್ಜಿಗೆಯ ಪಾತ್ರೆಗೆ ಸುರಿದು ಕಡಗೋಲು ತೆಗೆದುಕೊಂಡೆ. ದೇಶ ಇಬ್ಭಾಗವಾದಾಗ ಲಾಯಲ್‌ಪುರದಿಂದ ನನ್ನ ಅತ್ತೆ ಸೆರಗಿನಲ್ಲಿ ಸುತ್ತಿ ತಂದ ಅದೇ ಕಡಗೋಲು. ಕಡೆಯಲು ಶುರು ಮಾಡಿದೆ. ಒಂದು ಮಾತು ನನ್ನ ಗಂಟಲಿನಲ್ಲಿತ್ತು. ಪರದೆ ಸರಿಸಿ ಆ ಒಂದು ಮಾತು ಹೇಳಿದ್ದರೆ ಹೊರಗಿನ ವ್ಯವಹಾರ ಅಲ್ಲಿಗೇ ಮುಗಿಯುತ್ತಿತ್ತು. ಏನೆಂದು ಕಡೆಯಲ್ಲಿ ಬರೆಯುತ್ತೇನೆ, ಈಗಲೇ ಬರೆದರೆ ಕೈ ಮುಂದೆ ಓಡುವುದಿಲ್ಲ. ಇನ್ನೊಂದು ಸುತ್ತು ಕಡೆದು ಹೇಳೋಣ, ಇನ್ನು ಹತ್ತು ಸುತ್ತು ಕಡೆದು ಹೇಳೋಣ ಎಂದು ಕಡೆಯುತ್ತಲೇ ಇದ್ದೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕಣ್ಣು ಬಿಟ್ಟು ನೋಡಿದರೆ ಪಾತ್ರೆಯ ಮೇಲೆಲ್ಲ ಸಣ್ಣ ಸಣ್ಣ ಕಾಳು ತೇಲುತ್ತಿವೆ. ಕಡಗೋಲಿನ ಹಲ್ಲುಗಳಿಗೆ ಕಾಫಿ ಬಣ್ಣದ ಬೆಣ್ಣೆ ಮೆತ್ತಿಕೊಂಡಿದೆ.

"ಅಯ್ಯೋ ಬಹೆನ್‌ಜೀ, ಬೆಣ್ಣೆ ಬಂದ್ಬಿಡ್ತಲ್ಲ!"

ಬಾಗಿಲಲ್ಲಿ ಮಿಸೆಸ್ ಖೋಸ್ಲಾ. ಎತ್ತರದ, ದೊಡ್ಡ ಮೈಯ ಹೆಂಗಸು. ದಿನಪತ್ರಿಕೆ ಮಡಚಿ ಗಾಳಿ ಹಾಕಿಕೊಳ್ಳುತ್ತಿದ್ದರು. ಒಳಗೆ ಗಾಳಿಯಿದೆಯೇನೋ ಎಂದು ನೋಡಲು ಬಂದವರು ಪಾತ್ರೆ ಇಣುಕಿ ನಕ್ಕರು.

"ತಣ್ಣಗಿನ ಕೆನೇನ ಇಷ್ಟೊತ್ತು ಕಡೆದ್ರೆ ಇನ್ನೇನಾಗತ್ತೆ? ಯಾರ ಮೇಲೆ ಸಿಟ್ಟು ತೀರಿಸ್ಕೊಂಡ್ರಿ?"

"ಮೈಮರೆತ್ಬಿಟ್ಟೆ" ಎಂದೆ.

ಅವರ ಕಣ್ಣು ಟ್ರೇಯ ಮೇಲೆ ಬಿತ್ತು. ಎರಡು ಬಿಲ್ಲೆ ಇನ್ನೂ ಅಂಟಿಕೊಂಡಿದ್ದವು. "ಇದೇನು, ಹಾಲನ್ನೇ ಐಸ್ ಮಾಡಿದೀರಾ? ನನಗೆ ಇಷ್ಟು ವರ್ಷ ಹೊಳೀಲೇ ಇಲ್ವಲ್ಲ. ನಿಮ್ಮ ತಲೇನಾ ಇದು?"

"ನನ್ನ ಸೊಸೇದು."

"ಹೇಳ್ಕೊಟ್ಟು ಹೋಗಿದಾಳಾ ಪಾಪ, ಬಿಟ್ಟು ಹೋಗೋ ಮುಂಚೆ?"

ನನ್ನಿಂದ ದೊಡ್ಡ ಮಾತು ಆಗಲಿಲ್ಲ, ಈ ಸಣ್ಣ ಮಾತು ಆಯಿತು. "ಹೇಳ್ಕೊಟ್ಟಿದ್ದಲ್ಲ ಬಹೆನ್‌ಜೀ. ಇದು ಅವಳೇ ಕೈಯಾರೆ ಇಟ್ಟುಹೋದ ಹಾಲು. ಅವಳು ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ."

ದಿನಪತ್ರಿಕೆ ನಿಂತಿತು. "ಎರಡು ವರ್ಷ ಆಯ್ತು ಬೇರೆ ಆಗಿ, ಬರೀ ಕಾಗದ ಬಾಕಿ, ಅಂದ್ರಲ್ಲ ನಿಮ್ಮ ನಾದಿನಿ?"

ನಾನು ಪಾತ್ರೆಯನ್ನೇ ನೋಡುತ್ತಿದ್ದೆ.

"ಜಗಳ ಆಡ್ಕೊಂಡು ಹೋದ್ಳಾ?"

"ಇಲ್ಲ. ಅವರಪ್ಪನ ಕಣ್ಣಿನ ಆಪರೇಷನ್‌ಗೆ. ಹೋಗುವಾಗ ನನ್ನ ಕಾಲು ಮುಟ್ಟಿ ಹೋದ್ಳು. ತಿಂಗಳಲ್ಲಿ ಬರ್ತೀನಿ ಅಂದಿದಾಳೆ."

ಅವರು ತಾವೇ ಫ್ರಿಜ್ಜು ತೆಗೆದು ಗ್ಲಾಸೊಂದನ್ನು ಎತ್ತಿಕೊಂಡು, ಪಾತ್ರೆಯಿಂದ ಕಾಫಿ ಬಗ್ಗಿಸಿಕೊಂಡು, ನಿಂತಲ್ಲೇ ಕುಡಿದರು. ತುಟಿಗಂಟಿದ ಬೆಣ್ಣೆಯನ್ನು ಬೆರಳಿನಲ್ಲಿ ಒರೆಸಿಕೊಂಡರು.

"ಹುಡುಗೀದು ಕಾಫಿ ಅಳತೆ ಚೆನ್ನಾಗಿದೆ. ಕೆನೆ ನೀವು ಜಾಸ್ತಿ ಹಾಕಿದ್ರಿ" ಎಂದರು. ಬಾಗಿಲು ದಾಟುವ ಮುಂಚೆ ತಿರುಗಿ ನೋಡಿ ಹೇಳಿದರು, "ನನ್ನ ಮಗಳೂ ನಾಳೆ ಯಾರದೋ ಮನೇಲಿ ಟ್ರೇ ತುಂಬಿಟ್ಟು ನನ್ನ ನೋಡೋಕೆ ಬರ್ತಾಳೆ ಬಹೆನ್‌ಜೀ. ಅವಳು ಬಂದಾಗ ಅಲ್ಲಿ ಫೋಟೋ ಇಳಿಸೋದು ನನಗೆ ಬೇಡ." ಕ್ಯಾಲೆಂಡರಿನ ಅಂಚಿನಿಂದ ಆ ಬಿಳಿ ಚೌಕ ಇಣುಕುತ್ತಿದ್ದುದನ್ನು ಅವರು ಆಗಲೇ ಗಮನಿಸಿದ್ದರು. ಹೊರಗೆ ಹೋಗಿ ಪರ್ಸು ತೆಗೆದುಕೊಂಡು, ಎಲ್ಲರಿಗೂ ನಮಸ್ತೆ ಹೇಳಿ ಹೊರಟುಬಿಟ್ಟರು.

ಆಮೇಲೆ ನಡೆದದ್ದು ನಿನಗೆ ಊಹೆಗೆ ಸಿಗುತ್ತದೆ. ಲಾಜೋ ಕುಣಿದಾಡಿದಳು. "ಹೆತ್ತ ಮಗನ ಬಾಳು ಹಾಳು ಮಾಡಿದ್ರಿ ಭಾಬಿ! ಹೊಟ್ಟೆ ತಣ್ಣಗಾಯ್ತಾ?" ನಾನು ಒಂದು ಗ್ಲಾಸು ಕಾಫಿ ಸೋಸಿ ಅವಳ ಕೈಗೆ ಕೊಟ್ಟೆ. ಬೈಯುತ್ತಲೇ ಪೂರ್ತಿ ಕುಡಿದಳು, ಆಮೇಲೆ ರಿಕ್ಷಾ ಹತ್ತಿದಳು.

ಬಿಟ್ಟೂ ಬೈಯಲಿಲ್ಲ. ಅದೇ ಕಷ್ಟವಾಯಿತು. ಕರೆಂಟಿಲ್ಲದ ಕೋಣೆಯಲ್ಲಿ ಬನಿಯನ್ನಿನಲ್ಲಿ ಕೂತು, ಗ್ಲಾಸನ್ನು ತಿರುಗಿಸುತ್ತಾ ಹೇಳಿದ, "ಇವರು ಹೋದ್ರೆ ಇನ್ನೊಬ್ರು ಬರ್ತಾರೆ ಬೀಜೀ. ನಾನು ಮುಂದಿನ ಭಾನುವಾರ ಅಂಬಾಲಾಕ್ಕೆ ಹೋಗ್ತೀನಿ. ಕಾಗದ ರೆಡಿ ಇದೆ. ನೀಲಮ್ಮೇ ನನಗೆ ಎರಡು ಸಲ ಹೇಳಿದಾಳೆ, ನೀವು ಬೇರೆ ಮದುವೆ ಆಗಿ ಅಂತ."

"ಅವಳು ಹೇಳ್ತಾಳೆ. ನೀನು ಕೇಳ್ಬೇಕಾ?"

"ನಿಮಗೇ ಮೊಮ್ಮಗು ಬೇಕಿತ್ತಲ್ಲ?" ಎಂದ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವವನ ಹಾಗೆ ಹೇಳಿದ, "ತಪ್ಪು ನನ್ನಲ್ಲಿದ್ದಿದ್ರೆ ನಾನು ಅವಳನ್ನ ಒಂದು ದಿನಾನೂ ಹಿಡಿದಿಟ್ಕೋತಿರ್ಲಿಲ್ಲ ಬೀಜೀ. ಅವಳ ಕಾಲು ಹಿಡಿದು, ಹೋಗು, ನಿನ್ನ ಬಾಳು ನೀನು ನೋಡ್ಕೋ ಅಂತಿದ್ದೆ."

ನನ್ನ ಮಗ ಕೆಟ್ಟವನಲ್ಲ ನೀಲಮ್. ನೀನೂ ಎಂದೂ ಹಾಗೆ ಹೇಳಿಲ್ಲ. ಅವನು ಗ್ಲಾಸಿನಲ್ಲಿ ಅರ್ಧ ಕಾಫಿ ಬಿಟ್ಟು ಎದ್ದುಹೋದ. ಅದನ್ನು ಚೆಲ್ಲಲು ಮನಸ್ಸು ಬಾರದೆ ನಾನೇ ಕುಡಿದೆ. ನಿನ್ನ ಹಾಲು ಅದರೊಂದಿಗೆ ಮುಗಿಯಿತು. ಆಗಲೂ ಆ ಮಾತನ್ನು ನಾನು ಹೇಳಲಿಲ್ಲ.

ನಿನ್ನ ಎರಡು ಪ್ರಶ್ನೆಗೆ ಉತ್ತರ ಬಂತು. ಯಾವಾಗ ಬರಲಿ ಎಂಬ ಮೂರನೆಯದಕ್ಕೆ ಉತ್ತರ ಹೇಳುವ ಯೋಗ್ಯತೆ ನನಗಿಲ್ಲ. ಕ್ಯಾಲೆಂಡರು ತೆಗೆದು ಫೋಟೋವನ್ನು ಮತ್ತೆ ಗೋಡೆಗೆ ಹಾಕಿದ್ದೇನೆ. ಬಿಟ್ಟೂ ನೋಡಿದ, ಇಳಿಸಲಿಲ್ಲ. ಟ್ರೇ ತೊಳೆದು ಒರೆಸಿಟ್ಟಿದ್ದೇನೆ. ಇದನ್ನು ಎಕ್ಸ್‌ಪ್ರೆಸ್ ಡೆಲಿವರಿಯ ಸ್ಟಾಂಪು ಹಚ್ಚಿ ನಾನೇ ಅಂಚೆ ಕಚೇರಿಗೆ ಹೋಗಿ ಹಾಕುತ್ತೇನೆ. ಗುರುವಾರ, ತಪ್ಪಿದರೆ ಶುಕ್ರವಾರ ನಿನ್ನ ಕೈ ಸೇರಬೇಕು.

ಮನೆಯವರಿಗೆಲ್ಲ ನನ್ನ ನಮಸ್ತೆ ಹೇಳು. ಪ್ರತಿ ಪತ್ರದ ಕೊನೆಗೂ 'ಬೇಗ ಮಡಿಲು ತುಂಬಲಿ' ಎಂದು ಬರೆಯುತ್ತಿದ್ದೆ. ಆ ಆಶೀರ್ವಾದವನ್ನು ಈ ಸಲ ಬರೆಯಲಾರೆ. ದೇವರು ನಿನ್ನನ್ನು ಆರೋಗ್ಯವಾಗಿಟ್ಟಿರಲಿ, ನಿನ್ನ ತಲೆ ಯಾರ ಮುಂದೆಯೂ ಬಗ್ಗದಿರಲಿ.

ನಿನ್ನ ಬೀಜೀ,
ಸುದೇಶ್

ತಾ.ಕ.: ಇದನ್ನು ಬರೆಯಲು ಮರೆತಿದ್ದೆ ಎಂದರೆ ಅದೂ ಸುಳ್ಳಾಗುತ್ತದೆ. ಲಕೋಟೆಯೊಳಗೆ ಇನ್ನೊಂದು ಮಡಚಿದ ಕಾಗದವಿದೆ, ಅದರ ಜೊತೆ ಔಷಧಿಯ ಚೀಟಿಯೂ ಇದೆ. ತಾರೀಕು ನೋಡು, ಎರಡೂವರೆ ವರ್ಷದ ಹಿಂದಿನದು. ನಿನ್ನ ಡಾಕ್ಟರಮ್ಮ ನಿನ್ನಲ್ಲಿ ಏನೂ ತೊಂದರೆ ಕಾಣುತ್ತಿಲ್ಲ, ಗಂಡನನ್ನೂ ಪರೀಕ್ಷೆ ಮಾಡಿಸಿ ಎಂದಿದ್ದರಲ್ಲ. ಬಿಟ್ಟೂ ಪರೀಕ್ಷೆಗೆ ಕೊಟ್ಟುಬಂದ. ರಿಪೋರ್ಟು ತರಲು ಅವನಿಗೆ ಸಂಕೋಚ, ನನ್ನನ್ನು ಕಳಿಸಿದ. ಅಲ್ಲಿಯ ಕಾಂಪೌಂಡರ್ ನನಗೆ ಓದಿ ಹೇಳಿದ, "ಮಾತಾಜೀ, ತೊಂದರೆ ನಿಮ್ಮ ಮಗನದು, ಸೊಸೇದಲ್ಲ. ಆರು ತಿಂಗಳು ಈ ಔಷಧಿ ತಗೊಂಡು ಮತ್ತೆ ಬರ್ಲಿ, ಸರಿ ಹೋದ್ರೂ ಹೋಗ್ಬಹುದು." ಬಸ್ಸಿನಲ್ಲಿ ಬರುವಾಗ ನನ್ನ ಕಣ್ಣ ಮುಂದೆ ಲಾಜೋ ನಗುವ ಮುಖ ಬಂತು, ಅಪ್ಪನಿಲ್ಲದ ನನ್ನ ಮಗ ನಾಲ್ಕು ಜನರೆದುರು ತಲೆ ತಗ್ಗಿಸಿ ನಿಲ್ಲುವುದು ಬಂತು. ನಿನ್ನ ಮುಖ ಬರಲಿಲ್ಲ. ಮನೆಗೆ ಬಂದು ಅವನಿಗೆ ಹೇಳಿದೆ, "ಎಲ್ಲಾ ಸರಿಯಾಗಿದೆಯಂತೆ, ಕಾಗದ ಬೇಕಾಗಿಲ್ಲ ಅಂದ್ರು." ಅವನು ನಂಬಿದ. ಇವತ್ತಿಗೂ ಅವನಿಗೆ ಗೊತ್ತಿಲ್ಲ. ತಪ್ಪು ನಿನ್ನಲ್ಲಿದೆ ಎಂದು ಅವನಿಗೂ ನಿನಗೂ ನಂಬಿಸಿದವಳು ನಾನು.

ಕಾಗದವನ್ನು ಹಿಟ್ಟಿನ ಡಬ್ಬದ ತಳಕ್ಕೆ ಹಾಸಿದ ಪೇಪರಿನ ಕೆಳಗಿಟ್ಟೆ. ಆ ಡಬ್ಬ ತೊಳೆಯುವುದನ್ನು ಮಾತ್ರ ನಿನಗೆ ಬಿಡುತ್ತಿರಲಿಲ್ಲ. "ನಿಮಗ್ಯಾಕೆ ಬೀಜೀ ಈ ಕಷ್ಟ, ಕೊಡಿ" ಎಂದು ಪ್ರತಿ ಸಲ ಕೇಳುತ್ತಿದ್ದೆ. ದಿನವೂ ನೀನು ಅದೇ ಡಬ್ಬಕ್ಕೆ ಕೈ ಹಾಕಿ ಹಿಟ್ಟು ತೆಗೆದು ನಮಗೆ ರೊಟ್ಟಿ ಮಾಡಿ ಬಡಿಸಿದೆ. ಮಂಗಳವಾರ ಮಾತ್ರ ನೀನು ತಿನ್ನುತ್ತಿರಲಿಲ್ಲ. ಮಗುವಿಗಾಗಿ ಆ ಉಪವಾಸ ಹಿಡಿಸಿದವಳೂ ನಾನೇ, ಈ ಕಾಗದ ಬಂದ ಮರುವಾರವೇ.

ಭಾನುವಾರ ಅವನು ತನ್ನ ಕಾಗದ ಮುಂದಿಟ್ಟಾಗ ನೀನು ಇದನ್ನು ಮುಂದಿಡು. ಯಾರು ಮುಚ್ಚಿಟ್ಟಿದ್ದು ಎಂದು ಕೇಳಿದರೆ ನನ್ನ ಹೆಸರು ಹೇಳು. ಅಂಚೆಗೆ ಹಾಕುವಷ್ಟು ಧೈರ್ಯ ಬಂದಿದೆ, ಅವನ ಮುಖ ನೋಡಿ ಹೇಳುವಷ್ಟು ಬಂದಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ.

ಇವತ್ತು ಮಂಗಳವಾರ. ಇದನ್ನು ಬರೆಯುವ ಹೊತ್ತಿಗೆ ಅಲ್ಲಿ ನೀನು ಉಪವಾಸ ಕೂತಿರುತ್ತೀಯ. ಇನ್ನು ಸಾಕು ಮಗಳೇ, ಊಟ ಮಾಡು.